ಹಳೇ ಕಾರು: ಲಾಭ ತಗಡಿನಿಂದ ಬರಲಿ, ಪುಟ್ಟಿಯಿಂದಲ್ಲ

ಮಾನ್ಯ ಸಂಪಾದಕರಿಗೆ,

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಹಳ್ಳಿಗಳಿಗೆ ಹೋಗಿ, ಗೌಡರ ವಾಡೆ, ಹಳೇ ಡಾಕ್ಟರ ಮನೆ, ವಕೀಲರ ಶೆಡ್ಡುಗಳಲ್ಲಿ ನಿಂತುಬಿಟ್ಟಿರುವ ಅಂಬಾಸಿಡರ್, ಫಿಯಾಟ್, ಜೀಪುಗಳನ್ನು ಕೊಂಡು ಗೋವಾ, ಕೊಲ್ಹಾಪುರ, ಪುಣೆ, ಬೆಂಗಳೂರಿನವರಿಗೆ ಮಾರುವ ವ್ಯಾಪಾರ ಈಗ ಜೋರಾಗಿ ನಡೆದಿದೆ. ಈ ವ್ಯಾಪಾರಿಗಳನ್ನು ಕೆಲವರು ಪರಂಪರೆ ಉಳಿಸುವವರೆಂದು ಹೊಗಳುತ್ತಾರೆ, ಇನ್ನು ಕೆಲವರು ಹಗಲುದರೋಡೆ ಮಾಡುವವರೆಂದು ಬೈಯುತ್ತಾರೆ. ಹಳೇ ಗಾಡಿಗಳ ತಗಡು, ಎಂಜಿನ್, ವೈರಿಂಗ್ ಕೆಲಸದಿಂದಲೇ ಹೊಟ್ಟೆ ಹೊರೆಯುವ ನಮಗೆ ಎರಡೂ ಮಾತು ಅರ್ಧಂಬರ್ಧ ಅನಿಸುತ್ತವೆ. ಗಾಡಿಯ ಅಡಿ ಬಗ್ಗಿ ನೋಡದೆ ಆಡುವ ಮಾತು ಅವು.

ಕೊಂಡು ಮಾರಿ ಲಾಭ ಮಾಡುವುದು ತಪ್ಪೇ ಎಂದರೆ, ತಪ್ಪಲ್ಲ. ಹತ್ತಾರು ವರ್ಷ ನಿಂತ ಅಂಬಾಸಿಡರ್ ಮನೆಯವರ ಪಾಲಿಗೆ ಸುಮಾರು 1,100 ಕೆಜಿ ಕಬ್ಬಿಣ, ಅಷ್ಟೇ. ಗುಜರಿಯವನು ಕೆಜಿಗೆ 25 ರೂಪಾಯಿ ಹಿಡಿದರೆ 27,500 ರೂಪಾಯಿ. ಅದನ್ನು ಹುಡುಕಿ, ಕೈಯಿಂದ ದುಡ್ಡು ಹಾಕಿ, ರಸ್ತೆಗಿಳಿಸಿ, ಬೇಕಾದವನ ಮನೆಗೆ ಮುಟ್ಟಿಸುವವನು ಇಲ್ಲದಿದ್ದರೆ ಆ ಗಾಡಿ ಕರಗಿ ಕಬ್ಬಿಣದ ಸರಳಾಗುತ್ತದೆ. ಅವನ ಲಾಭ ಅವನ ಕೂಲಿ. ನಮ್ಮ ತಕರಾರು ಇರುವುದು ಆ ಲಾಭ ಯಾವ ಜಾಗದಿಂದ ಹುಟ್ಟಿತು ಎಂಬುದರ ಬಗ್ಗೆ.

ಒಂದು ಅಂದಾಜು ಲೆಕ್ಕ ಹಾಕೋಣ. ದರ ಊರಿಂದ ಊರಿಗೆ, ಗಾಡಿಯಿಂದ ಗಾಡಿಗೆ ಬದಲಾಗುತ್ತದೆ, ಆದರೂ ಪ್ರಮಾಣ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಕೊಂಡದ್ದು 70,000ಕ್ಕೆ. ತಗಡಿನ ಕೆಲಸಕ್ಕೆ 60,000, ಬಣ್ಣಕ್ಕೆ 55,000, ಎಂಜಿನ್ ಬೋರಿಂಗ್, ಪಿಸ್ಟನ್, ಬೇರಿಂಗ್, ವಾಲ್ವ್ ಸೇರಿ 45,000, ಬ್ರೇಕ್ ಮತ್ತು ಮುಂದಿನ ಸಸ್ಪೆನ್ಷನ್ 20,000, ವೈರಿಂಗ್ 12,000, ಸ್ಟೆಪ್ನಿ ಸೇರಿ ಐದು ಟೈರಿಗೆ 20,000, ಸೀಟು ಮತ್ತು ಒಳಗಿನ ಹೊದಿಕೆ 25,000, ಬಂಪರ್ ಮುಂತಾದವಕ್ಕೆ ಕ್ರೋಮ್ 18,000, ಕಾಗದಪತ್ರ 10,000. ಒಟ್ಟು 3,35,000. ಎಂಟು ತಿಂಗಳ ಕೆಲಸ. 4,25,000ಕ್ಕೆ ಮಾರಿದರೆ ಉಳಿಯುವುದು 90,000. ತಿಂಗಳಿಗೆ ಲೆಕ್ಕ ಹಾಕಿದರೆ ಹನ್ನೊಂದು ಸಾವಿರ ಚಿಲ್ಲರೆ. ಇದನ್ನು ದರೋಡೆ ಎನ್ನುವವರು ಒಮ್ಮೆ ಈ ಕೆಲಸ ಮಾಡಿ ನೋಡಬೇಕು.

ಇನ್ನೊಬ್ಬ ಅಂಥದೇ ಗಾಡಿಯನ್ನು ಅದೇ 70,000ಕ್ಕೆ ಕೊಳ್ಳುತ್ತಾನೆ. ತಗ್ಗು, ತೂತು ಮುಚ್ಚುವ ಪುಟ್ಟಿ ಮತ್ತು ಬಣ್ಣಕ್ಕೆ 40,000, ಸೀಟ್ ಕವರ್, ಮ್ಯಾಟ್‌ಗೆ 10,000, ಬ್ಯಾಟರಿ ಮತ್ತು ಹಳೇ ಟೈರಿನ ಪಾಲಿಶ್‌ಗೆ 5,000. ಒಟ್ಟು 1,25,000, ಮೂರು ವಾರದ ಕೆಲಸ. ನಾಲ್ಕು ಲಕ್ಷಕ್ಕೆ ಮಾರುತ್ತಾನೆ. ಫೋಟೊದಲ್ಲಿ ಎರಡೂ ಗಾಡಿ ಒಂದೇ ಥರ ಹೊಳೆಯುತ್ತವೆ, ಗಿರಾಕಿ 25,000 ಕಡಿಮೆ ಇರುವುದನ್ನೇ ಆರಿಸುತ್ತಾನೆ. ಮೊದಲಿನವನು ಎರಡು ಗಾಡಿ ಮಾಡುವಷ್ಟರಲ್ಲಿ ಸೋತು ಕೂರುತ್ತಾನೆ, ಇಲ್ಲವೇ ತಾನೂ ಪುಟ್ಟಿ ಹಚ್ಚಲು ಶುರು ಮಾಡುತ್ತಾನೆ. ಒಳಗೆ ಹುಳುಕು ಹೊರಗೆ ಥಳಕು ಎಂಬ ಗಾದೆ ಈ ದಂಧೆಯಲ್ಲಿ ಅಕ್ಷರಶಃ ನಿಜ.

ಹುಳುಕು ಎಲ್ಲಿರುತ್ತದೆ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇವೆ, ಕೊಳ್ಳುವವರಿಗೆ ಉಪಯೋಗವಾದೀತು. ಜೀಪಿಗೆ ಬೇರೆ ಚಾಸಿ, ಅಂದರೆ ಅಡಿಯ ಚೌಕಟ್ಟು, ಇರುತ್ತದೆ, ಬಾಡಿ ಅದರ ಮೇಲೆ ಕೂತಿರುತ್ತದೆ. ಸ್ಟ್ಯಾಂಡರ್ಡ್ ಹೆರಾಲ್ಡ್‌ಗೂ ಹಾಗೆಯೇ. ಅಂಬಾಸಿಡರ್, ಫಿಯಾಟ್ ಹಾಗಲ್ಲ. ಅವುಗಳ ಬಾಡಿಯೇ ಚಾಸಿಯ ಕೆಲಸ ಮಾಡುತ್ತದೆ. ಬಾಗಿಲ ಕೆಳಗಿನ ಸಿಲ್ ಪೆಟ್ಟಿಗೆ, ನೆಲದ ತಗಡು, ಜಾಕ್ ಪಾಯಿಂಟ್, ಹಿಂದಿನ ಲೀಫ್ ಸ್ಪ್ರಿಂಗ್ ಕಟ್ಟುವ ಜಾಗ, ಇವು ತುಕ್ಕು ಹಿಡಿದರೆ ಗಾಡಿಯ ಬೆನ್ನೆಲುಬೇ ಹೋದಂತೆ. ಸರಿಯಾದ ರಿಪೇರಿ ಎಂದರೆ ತುಕ್ಕನ್ನು ಕೆರೆದು ಬಿಡುವುದಲ್ಲ, ಬಿಳಿ ಲೋಹ ಕಾಣುವವರೆಗೆ ಕತ್ತರಿಸಿ ತೆಗೆಯುವುದು. ಆ ಜಾಗಕ್ಕೆ 18 ಅಥವಾ 20 ಗೇಜಿನ ತಗಡನ್ನು ಮೂಲ ಆಕಾರಕ್ಕೆ ಬಗ್ಗಿಸಿ, ಸಣ್ಣ ಸಣ್ಣ ಟಾಕಾ ಹಾಕುತ್ತ ಬೆಸೆಯಬೇಕು. ಒಂದೇ ಸಮನೆ ಎಳೆದರೆ ತಗಡು ಬಿಸಿಗೆ ಅಲೆಯಾಗಿ ಏಳುತ್ತದೆ. ಬೆಸೆಯುವ ಮೊದಲು ಒಳಮೈಗೆ ಸತುವಿನ ಪ್ರೈಮರ್, ಬೆಸೆದ ಮೇಲೆ ಸಿಲ್ಲಿನ ತೂತಿನಿಂದ ಒಳಗೆ ಮೇಣದಂಥ ತುಕ್ಕುನಿರೋಧಕ. ಕೆಳಗಿನ ನೀರು ಹರಿಯುವ ತೂತುಗಳನ್ನು ಮುಚ್ಚಬಾರದು. ಎಷ್ಟೋ ‘ರಿಸ್ಟೋರ್’ ಮಾಡಿದ ಗಾಡಿಗಳಲ್ಲಿ ಈ ತೂತುಗಳೇ ಇರುವುದಿಲ್ಲ. ಅದೊಂದೇ ಸಾಕು, ಒಳಗೆ ಏನು ನಡೆದಿದೆ ಎಂದು ಗೊತ್ತಾಗಲು.

ಕಳ್ಳಕೆಲಸದಲ್ಲಿ ತುಕ್ಕಿನ ಮೇಲೆಯೇ ಎಣ್ಣೆ ಡಬ್ಬಿಯ ತಗಡು ರಿವೆಟ್ ಹೊಡೆದು, ಫೈಬರ್ ಬಟ್ಟೆ ಅಂಟಿಸಿ, ಮೇಲೆ ಬೆರಳು ದಪ್ಪ ಪುಟ್ಟಿ ಬಳಿದು, ಅಡಿಗೆ ಕರೀ ಕೋಟಿಂಗ್ ಹೊಡೆಯುತ್ತಾರೆ. ಪುಟ್ಟಿ ತೇವ ಹೀರುತ್ತದೆ. ಹಿಂದಿನ ತುಕ್ಕು ಗಾಳಿ ನೀರು ಸಿಕ್ಕಿ ಉಬ್ಬುತ್ತದೆ. ಬೆಳಗಾವಿ, ಖಾನಾಪುರದ ಮಳೆಗಾಲ ಒಂದೆರಡು ಕಳೆಯುವಷ್ಟರಲ್ಲಿ ಬಾಗಿಲ ಕೆಳಗೆ, ಮಡ್‌ಗಾರ್ಡ್ ಅಂಚಿನಲ್ಲಿ ಬೊಕ್ಕೆ ಏಳುತ್ತವೆ. ವಿಜಯಪುರ, ಬಾಗಲಕೋಟೆ ಕಡೆ ನಿಂತ ಗಾಡಿಗಳ ತಳ ಸಾಮಾನ್ಯವಾಗಿ ಗಟ್ಟಿ, ಆದರೆ ಅಲ್ಲಿಯ ಬಿಸಿಲಿಗೆ ರಬ್ಬರ್ ಬೀಡಿಂಗ್, ವೈರಿನ ಹೊದಿಕೆ, ಬ್ರೇಕ್ ಹೋಸುಗಳು ಒಣಗಿ ಬಿರಿದಿರುತ್ತವೆ. ಎರಡೂ ಕಡೆಯ ಗಾಡಿಗೆ ಒಂದೇ ಪಟ್ಟಿ ಹಿಡಿದು ಪರೀಕ್ಷೆ ಮಾಡಬೇಡಿ.

ಪರೀಕ್ಷೆ ಕಷ್ಟದ್ದೇನಲ್ಲ. ತೆಳು ಬಟ್ಟೆಯಲ್ಲಿ ಸುತ್ತಿದ ಸಣ್ಣ ಆಯಸ್ಕಾಂತ ಸಿಲ್, ಚಕ್ರದ ಕಮಾನು, ಡಿಕ್ಕಿಯ ಕೆಳಭಾಗಕ್ಕೆ ಹಿಡಿಯುತ್ತದೆಯೇ ನೋಡಿ. ಬಣ್ಣದ ದಪ್ಪ ಅಳೆಯುವ ಮೀಟರ್ ಸಿಕ್ಕರೆ ಇನ್ನೂ ಒಳ್ಳೆಯದು. ಕಾರ್ಖಾನೆಯ ಬಣ್ಣ ಸುಮಾರು 80ರಿಂದ 150 ಮೈಕ್ರಾನ್, ಮರುಬಣ್ಣ 200-300, ಸಾವಿರ ದಾಟಿದರೆ ಕೆಳಗೆ ಪುಟ್ಟಿಯ ಗೋಡೆ ಇದೆ ಎಂದರ್ಥ. ಎಲ್ಲಕ್ಕಿಂತ ಖಾತ್ರಿ ಪರೀಕ್ಷೆ ಜಾಕಿನದು. ಬಾಗಿಲು ಮುಚ್ಚಿ, ಸುತ್ತಲಿನ ಸಂದಿ ಎಷ್ಟಿದೆ ಎಂದು ನೋಡಿಕೊಳ್ಳಿ. ಗಾಡಿಯದೇ ಜಾಕ್ ಪಾಯಿಂಟಿನಲ್ಲಿ ಒಂದು ಮಗ್ಗುಲು ಎತ್ತಿ. ಸಂದಿ ಬದಲಾದರೆ, ಬಾಗಿಲು ಬಿಗಿಯಾದರೆ, ಅಥವಾ ಜಾಕೇ ಒಳಗೆ ಇಳಿದರೆ ಬೆಲೆಯ ಮಾತು ಅಲ್ಲಿಗೇ ನಿಲ್ಲಿಸಬಹುದು. ಎತ್ತಲು ಬಿಡುವುದಿಲ್ಲ ಎನ್ನುವ ವ್ಯಾಪಾರಿ ಉತ್ತರ ಕೊಟ್ಟೇಬಿಟ್ಟ ಹಾಗೆ.

ಎಂಜಿನ್ನಿನಲ್ಲಿ ಮುಚ್ಚಿಡುವ ಉಪಾಯಗಳು ಬೇರೆ. ಹೊಗೆ, ಟಕಟಕ ಸದ್ದು ಕೇಳಬಾರದೆಂದು ದಪ್ಪ ಗೇರ್ ಆಯಿಲ್ ಸುರಿಯುತ್ತಾರೆ. ಗಿರಾಕಿ ಬರುವ ಅರ್ಧ ಗಂಟೆ ಮೊದಲೇ ಸ್ಟಾರ್ಟ್ ಮಾಡಿಟ್ಟು ಬಿಸಿ ಮಾಡಿರುತ್ತಾರೆ. ಬಾನೆಟ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಬೇಕು. ಶುರುವಿನಲ್ಲಿ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಗೈಡ್ ಸವೆದಿದೆ, ಏರಿನಲ್ಲಿ ಎಳೆಯುವಾಗ ಸತತ ಬಂದರೆ ಪಿಸ್ಟನ್ ರಿಂಗ್ ಹೋಗಿವೆ. ನಾಲ್ಕೂ ಪ್ಲಗ್ ಬಿಚ್ಚಿ, ಆಕ್ಸಿಲೇಟರ್ ಪೂರ್ತಿ ತುಳಿದು, ಸೆಲ್ಫ್ ಐದಾರು ಸುತ್ತು ಹೊಡೆಸಿ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಅಳೆಯಿರಿ. ಈ ಹಳೇ ಎಂಜಿನ್ನುಗಳಿಗೆ 110ರಿಂದ 130 ಪಿಎಸ್‌ಐ ಬಂದರೆ ಚೆನ್ನ. ಅದಕ್ಕಿಂತ ಮುಖ್ಯ, ನಾಲ್ಕರ ನಡುವೆ ಶೇ 10-15ಕ್ಕಿಂತ ಹೆಚ್ಚು ಅಂತರ ಇರಬಾರದು. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ನೋಡಿ. ಏರಿದರೆ ರಿಂಗ್, ಏರದಿದ್ದರೆ ವಾಲ್ವ್. ಬೋರ್, ಅಂದರೆ ಸವೆದ ಸಿಲಿಂಡರನ್ನು ಕೊರೆದು ಅಗಲಿಸುವುದು, ಎಷ್ಟು ಸಲ ಆಗಿದೆ, ಪಿಸ್ಟನ್ ಮೂಲ ಅಳತೆಗಿಂತ ಇಂಚಿನ ಸಾವಿರದಲ್ಲಿ 20 ಪಾಲು ದೊಡ್ಡದೋ 40 ಪಾಲೋ ಎಂದು ಕೇಳಲೇಬೇಕು. 40 ಆಗಿಹೋದ ಬ್ಲಾಕಿಗೆ ಮುಂದಿನ ಸಲ ಸಾಮಾನ್ಯವಾಗಿ ಸ್ಲೀವ್, ಅಂದರೆ ಒಳಗೊಂದು ಹೊಸ ಕೊಳವೆ, ಹಾಕಬೇಕಾಗುತ್ತದೆ. ಉದ್ಯಮಬಾಗದಂಥ ಕಡೆ ಮಷಿನ್ ಶಾಪುಗಳಿರುವ ನಮ್ಮ ಊರಿನಲ್ಲಿ ಅದೇನೂ ಆಗದ ಕೆಲಸವಲ್ಲ, ಆದರೆ ಆ ಖರ್ಚು ಯಾರ ತಲೆಗೆ ಎಂಬುದು ಮಾರುವ ಮೊದಲೇ ಗೊತ್ತಿರಬೇಕು.

ಪೆಟ್ರೋಲಿನ ವಿಷಯವನ್ನೂ ವ್ಯಾಪಾರಿಗಳು ಹೇಳುವುದಿಲ್ಲ. 2000ದಿಂದ ಸೀಸವಿರುವ ಪೆಟ್ರೋಲ್ ದೇಶದಲ್ಲಿ ಇಲ್ಲ. ಬೀಡುಕಬ್ಬಿಣದ ಸಿಲಿಂಡರ್ ಹೆಡ್ಡಿನಲ್ಲಿ ನೇರವಾಗಿ ಕೊರೆದ ಹಳೇ ಎಕ್ಸಾಸ್ಟ್ ವಾಲ್ವ್ ಸೀಟುಗಳು ಸೀಸದ ಆಸರೆ ತಪ್ಪಿ ಸವೆಯುತ್ತವೆ. ವಾಲ್ವ್ ಒತ್ತುವ ಟ್ಯಾಪೆಟ್ಟಿನ ಸಂದಿ ಪದೇ ಪದೇ ಕಡಿಮೆಯಾಗುತ್ತಿದ್ದರೆ ಅದೇ ಲಕ್ಷಣ. ಗಟ್ಟಿ ಉಕ್ಕಿನ ಸೀಟು ಕೂರಿಸಿದ್ದರೆ ಬಿಲ್ಲಿನಲ್ಲಿ ಇರಬೇಕು. ಈಗ ಬಂಕುಗಳಲ್ಲಿ ಸಿಗುವ ಇ20, ಅಂದರೆ ಶೇ 20 ಎಥೆನಾಲ್ ಪೆಟ್ರೋಲ್, ಹಳೇ ರಬ್ಬರ್ ಹೋಸು, ಪಂಪಿನ ಡಯಾಫ್ರಾಮ್, ಕಾರ್ಬ್ಯುರೇಟರಿನ ವಾಷರುಗಳನ್ನು ಮೆತ್ತಗಾಗಿಸುತ್ತದೆ. ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸೋರಿದರೆ ಮುಂದೇನಾಗುತ್ತದೆ ಎಂದು ಬರೆಯಬೇಕಿಲ್ಲ. ಎಥೆನಾಲ್ ತಡೆಯುವ ವೈಟಾನ್ ಹೋಸು ಹಾಕುವುದಕ್ಕೆ ಇಡೀ ಗಾಡಿಯ ಲೆಕ್ಕದಲ್ಲಿ ಹಿಡಿಯಷ್ಟು ದುಡ್ಡು. ಅದನ್ನೂ ಹಾಕದೆ ‘ಫುಲ್ ರಿಸ್ಟೋರ್ಡ್’ ಎಂದು ಬರೆಯುವವರಿಗೆ ಏನನ್ನೋಣ?

ಗಾಡಿ ಕೊಡುವವರ ಕಡೆಗೆ ಬರೋಣ. ಮೋಸ ಹೆಚ್ಚು ನಡೆಯುವುದು ಅಲ್ಲಿಯೇ. ಯಜಮಾನರು ತೀರಿಕೊಂಡ ಮನೆಗೆ ಏಜೆಂಟ್ ಬರುತ್ತಾನೆ. “ಯವ್ವಾ, ಇದನ್ನ ಈಗ ಯಾರ್ ತೊಗೋತಾರ್ರಿ, ಗುಜರಿಯವ್ರೂ ಬ್ಯಾಡ ಅಂತಾರ. ನಾ ಸುಮ್ನ ನಿಮ್ಮ ಅಂಗಳ ಖಾಲಿ ಮಾಡಿ ಕೊಡ್ತೀನಿ.” ಈ ಮಾತಿನಲ್ಲಿ ಬೆಲೆ ಮುಚ್ಚಿಟ್ಟದ್ದಷ್ಟೇ ಇಲ್ಲ, ಸುಳ್ಳು ಇದೆ. ತನಗೆ ಗಿರಾಕಿ ಯಾರೆಂದು ಹೇಳಲು ವ್ಯಾಪಾರಿ ಬದ್ಧನಲ್ಲ, ಅವನ ಬುದ್ಧಿ, ಅವನ ಓಡಾಟ ಅವನದೇ ಬಂಡವಾಳ. ಆದರೆ ಬೆಲೆ ಇದೆ ಎಂದು ಗೊತ್ತಿದ್ದೂ ಬೆಲೆಯಿಲ್ಲ ಎನ್ನಬಾರದು. ಗುಜರಿ ಬೆಲೆ ಎಷ್ಟು, ಇದ್ದ ಸ್ಥಿತಿಯಲ್ಲಿ ಎಷ್ಟು, ದುರಸ್ತಿಯಾದ ಮೇಲೆ ಎಷ್ಟಕ್ಕೆ ಹೋಗುತ್ತದೆ, ಅದಕ್ಕೆ ಖರ್ಚೆಷ್ಟು, ಇಷ್ಟನ್ನು ಹೇಳಿ ಕೊಂಡವನು ಯಾರ ಮುಂದೆಯೂ ತಲೆ ತಗ್ಗಿಸಬೇಕಿಲ್ಲ. ಕೊಡುವವರೂ ಒಂದು ತಿಳಿದುಕೊಳ್ಳಬೇಕು. ಮೊಬೈಲಿನಲ್ಲಿ ಕಾಣುವ ಐದು ಲಕ್ಷ, ಆರು ಲಕ್ಷ ಕೇಳುವ ಬೆಲೆ, ಮಾರಿದ ಬೆಲೆಯಲ್ಲ. ತಳ ಕೊಳೆತ ಗಾಡಿಗೆ ಆ ಬೆಲೆ ಹಿಡಿದು ಕೂತರೆ ಇನ್ನೆರಡು ಮಳೆಗಾಲಕ್ಕೆ ಗುಜರಿಯೇ ಗತಿ.

ಸಹಿ ಹಾಕುವಾಗ ಎಚ್ಚರ. ಮಾಲೀಕತ್ವ ವರ್ಗಾವಣೆಯ ಖಾಲಿ ಫಾರಂ 29, 30ರ ಮೇಲೆ ಸಹಿ ಮಾಡಿಸಿಕೊಂಡು ಹೋಗಿ, ಹೆಸರು ವರ್ಗಾಯಿಸದೆ ಒಬ್ಬರಿಂದ ಒಬ್ಬರಿಗೆ ಮಾರುವುದು ಈ ದಂಧೆಯ ಹಳೇ ಚಾಳಿ. ಆರ್‌ಸಿಯಲ್ಲಿ ಹೆಸರಿರುವವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾಲ್ಕು ಕೈ ದಾಟಿದ ಗಾಡಿ ಎಲ್ಲೋ ಡಿಕ್ಕಿ ಹೊಡೆದರೆ ನೋಟಿಸ್ ಬರುವುದು ಹಳ್ಳಿಯ ಆ ಅವ್ವನ ಮನೆಗೆ. ಮಾಲೀಕರು ತೀರಿಕೊಂಡಿದ್ದರೆ ಮೊದಲು ಫಾರಂ 31ರಲ್ಲಿ ವಾರಸುದಾರರ ಹೆಸರಿಗೆ ಮಾಡಿಸಬೇಕು. ಸತ್ತವರ ಸಹಿಯನ್ನು ತಾನೇ ಹಾಕಿ ಕೆಲಸ ಮುಗಿಸುವ ಏಜೆಂಟನಿಗೆ ಕೀಲಿ ಕೊಡಲೇಬಾರದು. ಬೇರೆ ರಾಜ್ಯಕ್ಕೆ ಹೋಗುವ ಗಾಡಿಗೆ ಫಾರಂ 28ರ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ, ಬೇಕು. ಇನ್ನು ಹಳೇ ವಾಹನಗಳ ವ್ಯಾಪಾರವನ್ನೇ ಮಾಡುವವರು 2023ರ ಏಪ್ರಿಲ್ 1ರಿಂದ ಸಾರಿಗೆ ಇಲಾಖೆಯ ಅಧಿಕಾರ ಪತ್ರ ಪಡೆದಿರಬೇಕು. ಗಾಡಿ ಒಪ್ಪಿಸಿಕೊಂಡ ಮಾಹಿತಿ ಫಾರಂ 29ಸಿಯಲ್ಲಿ ದಾಖಲಾದರೆ ಹೊಣೆಯೂ ಅವರದಾಗುತ್ತದೆ. ‘ಅದೆಲ್ಲ ದೊಡ್ಡ ಶೋರೂಮಿನವರಿಗೆ’ ಎಂಬ ಮಾತು ನಂಬಬೇಡಿ.

ತೆರಿಗೆಯ ಬಗ್ಗೆ ಒಂದೇ ಮಾತು. ಸ್ವಂತ ಬಳಕೆಯ ಕಾರನ್ನು ಮಾರಿದರೆ ಬಂದ ಲಾಭಕ್ಕೆ ಬಂಡವಾಳ ಲಾಭದ ತೆರಿಗೆ ಇಲ್ಲ, ನಿಜ. ಆ ರಿಯಾಯಿತಿಯ ನೆರಳಿನಲ್ಲಿ ವರ್ಷಕ್ಕೆ ಆರೇಳು ಕಾರು ಮಾರುವವನು ‘ಹವ್ಯಾಸಿ’ ಆಗುವುದಿಲ್ಲ, ವ್ಯಾಪಾರಿಯೇ. ಜಿಎಸ್‌ಟಿ ನೋಂದಣಿ ಇರುವವರಿಗೆ ಕೊಂಡ ಬೆಲೆ, ಮಾರಿದ ಬೆಲೆಗಳ ನಡುವಿನ ಅಂತರದ ಮೇಲೆ ಶೇ 18 ತೆರಿಗೆ 2025ರಿಂದ ಎಲ್ಲ ಹಳೇ ಕಾರುಗಳಿಗೂ ಅನ್ವಯ.

‘ವಿಂಟೇಜ್’ ಎಂಬ ಪದವನ್ನು ಬೇಕಾಬಿಟ್ಟಿ ಬಳಸಿ ಬೆಲೆ ಏರಿಸುವುದೂ ನಡೆದಿದೆ. 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲಿರುವ ವಾಹನ ಮಾತ್ರ ವಿಂಟೇಜ್. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷ ಊರ್ಜಿತ, ಪ್ಲೇಟಿನಲ್ಲಿ ‘ವಿಎ’ ಅಕ್ಷರ. ಆ ಪ್ಲೇಟಿನ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ, ಪೆಟ್ರೋಲ್ ಹಾಕಿಸುವುದು ಇಂಥದಕ್ಕೆ ಮಾತ್ರ ರಸ್ತೆಗಿಳಿಸಬಹುದು. ದಿನಾ ಓಡಿಸುವಂತಿಲ್ಲ, ಮದುವೆ ಬಾಡಿಗೆಗಂತೂ ಇಲ್ಲವೇ ಇಲ್ಲ. 1980ರ ದಶಕದ ಪದ್ಮಿನಿ ಕಾರನ್ನು ‘ವಿಂಟೇಜ್, ಮದುವೆಗೆ ಬಾಡಿಗೆ ಬಿಟ್ಟು ದುಡ್ಡು ಮಾಡಿ’ ಎಂದು ಮಾರುವವನು ಒಂದೇ ವಾಕ್ಯದಲ್ಲಿ ಎರಡು ಸುಳ್ಳು ಹೇಳುತ್ತಾನೆ. ಅಂಥ ಗಾಡಿಗೆ ಸಾಮಾನ್ಯ ನೋಂದಣಿ ನವೀಕರಣವೇ ದಾರಿ. ಅದರ ಶುಲ್ಕ 2022ರಲ್ಲಿ 600ರಿಂದ 5,000ಕ್ಕೆ ಏರಿತ್ತು, 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000 ಆಗಿದೆ. ಈ ಖರ್ಚನ್ನೂ ಬೆಲೆ ಮಾತಾಡುವಾಗಲೇ ಹಿಡಿಯಿರಿ.

ನಮ್ಮ ಭಾಗದಲ್ಲಿ ಡೀಸೆಲ್ ಅಗ್ಗವಿದ್ದ ಕಾಲಕ್ಕೆ ಎಷ್ಟೋ ಪೆಟ್ರೋಲ್ ಅಂಬಾಸಿಡರುಗಳಿಗೆ, ಜೀಪುಗಳಿಗೆ ಬೇರೆ ಡೀಸೆಲ್ ಎಂಜಿನ್ ಕೂರಿಸಲಾಗಿದೆ. ಈಗ ಎಲ್ಲಿಂದಲೋ ಒಂದು ಪೆಟ್ರೋಲ್ ಎಂಜಿನ್ ತಂದು ಹಾಕಿ ‘ಒರಿಜಿನಲ್’ ಎನ್ನುತ್ತಾರೆ. ಬದಲಾಯಿಸುವುದು ತಪ್ಪಲ್ಲ, ಆರ್‌ಸಿಯಲ್ಲಿ ತೋರಿಸಿರಬೇಕು. ಚಾಸಿ, ಎಂಜಿನ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ತಿಕ್ಕಿ ಅಚ್ಚು ತೆಗೆಯಿರಿ. ಅಕ್ಷರಗಳ ಸಾಲು ಡೊಂಕು, ಆಳದಲ್ಲಿ ಹೆಚ್ಚುಕಡಿಮೆ, ಸುತ್ತ ಗ್ರೈಂಡರ್ ಗೀರು ಕಂಡರೆ ಕೈ ಹಾಕಬೇಡಿ. ಇದಕ್ಕಿಂತ ಕೆಟ್ಟದ್ದು ‘ಬುಕ್ ಮಾತ್ರ ಇದೆ’ ಎಂಬ ವ್ಯಾಪಾರ. ಗಾಡಿ ಗುಜರಿಗೆ ಹೋಗಿರುತ್ತದೆ, ಅದರ ಆರ್‌ಸಿಯನ್ನು ಇನ್ನಾವುದೋ ಗಾಡಿಗೆ ಹೊಂದಿಸುತ್ತಾರೆ. ಆರ್‌ಎಕ್ಸ್ 100 ಬೈಕ್, ಜೀಪುಗಳಲ್ಲಿ ಇದು ಇನ್ನೂ ಹೆಚ್ಚು. ವಾಹನ ನಾಶವಾದರೆ 14 ದಿನದಲ್ಲಿ ಆರ್‌ಟಿಒಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕೆಂದು ಕಾಯ್ದೆಯೇ ಹೇಳುತ್ತದೆ. ಗುಜರಿಗೆ ಕೊಡುವವರು ಆರ್‌ಸಿಯನ್ನು ಯಾರ ಕೈಗೂ ಕೊಡಬೇಡಿ.

ಬಿಡಿಭಾಗಕ್ಕಾಗಿ ಗಾಡಿ ಬಿಚ್ಚುವುದರ ಬಗ್ಗೆ ನಮ್ಮಲ್ಲೇ ಭಿನ್ನಾಭಿಪ್ರಾಯ ಇದೆ. ತಳ ಪೂರ್ತಿ ಹೋದ ಒಂದು ಫಿಯಾಟ್ ಇನ್ನೆರಡನ್ನು ಬದುಕಿಸುತ್ತದೆ ಎಂದರೆ ಬಿಚ್ಚಲಿ ಎನ್ನುವವರು ಹೆಚ್ಚು. ಆದರೆ ಗಟ್ಟಿ ಗಾಡಿಯ ಗ್ರಿಲ್, ಹಾರ್ನ್ ರಿಂಗ್, ಬಂಪರ್, ಲೈಟುಗಳನ್ನು ಬಿಡಿಯಾಗಿ ಮಾರಿದರೆ ಹೆಚ್ಚು ಸಿಗುತ್ತದೆಂದು ಕಳಚುವುದನ್ನು ಯಾರೂ ಸಮರ್ಥಿಸುವುದಿಲ್ಲ.

ಮಾರುವವನು ಸುಮ್ಮನಿದ್ದರೆ ಅದು ಮೋಸವೇ? 1872ರ ಕರಾರು ಕಾಯ್ದೆಯ 17ನೇ ಕಲಂ ಇದಕ್ಕೆ ಕುದುರೆಯ ಉದಾಹರಣೆ ಕೊಡುತ್ತದೆ. ದೋಷವಿರುವ ಕುದುರೆ ಮಾರುವವನು ಬರೀ ಸುಮ್ಮನಿದ್ದರೆ ಅದು ವಂಚನೆಯಲ್ಲ. ಆದರೆ ಕೊಳ್ಳುವವನು ‘ನೀನು ಇಲ್ಲ ಎನ್ನದಿದ್ದರೆ ಕುದುರೆ ಚೆನ್ನಾಗಿದೆ ಎಂದೇ ತಿಳಿಯುತ್ತೇನೆ’ ಎಂದಾಗಲೂ ಬಾಯಿ ಮುಚ್ಚಿಕೊಂಡಿದ್ದರೆ, ಆ ಮೌನ ಮಾತಿಗೆ ಸಮ. ಕಾರು ಕೊಳ್ಳುವವರು ಈ ಸೌಲಭ್ಯ ಬಳಸಿಕೊಳ್ಳಬೇಕು. ಮುಂಗಡ ಕೊಡುವ ಮೊದಲು ವಾಟ್ಸ್‌ಆ್ಯಪಿನಲ್ಲಿ ಬರೆದು ಕಳಿಸಿ: ‘ಸಿಲ್, ನೆಲದ ತಗಡಿನಲ್ಲಿ ಪುಟ್ಟಿ ಇಲ್ಲ, ಚಾಸಿ ನಂಬರ್ ಮೂಲದ್ದು, ಎಂಜಿನ್ ಬದಲಾಗಿಲ್ಲ. ನೀವು ಇಲ್ಲ ಎನ್ನದಿದ್ದರೆ ಹೀಗೇ ಇದೆ ಎಂದು ತಿಳಿದು ಹಣ ಕೊಡುತ್ತೇನೆ.’ ಉತ್ತರ ಏನು ಬಂದರೂ ಲಾಭವೇ. ಹಾಗೆಂದು ಗಾಡಿ ನೋಡದೆ ಕೊಳ್ಳಬೇಡಿ. ಸಾಮಾನ್ಯ ಎಚ್ಚರದಿಂದ ನೋಡಿದ್ದರೆ ಗೊತ್ತಾಗುತ್ತಿದ್ದ ದೋಷವನ್ನು ಮೌನದಿಂದ ಮುಚ್ಚಿಟ್ಟರು ಎಂದು ಆಮೇಲೆ ದೂರಿದರೆ ಕಾಯ್ದೆ ಕೈ ಹಿಡಿಯುವುದಿಲ್ಲ.

ಪ್ರಾಮಾಣಿಕ ವ್ಯಾಪಾರಿಗೆ ಇದರಲ್ಲಿ ನಷ್ಟವಿಲ್ಲ. ತಗಡು ಕತ್ತರಿಸಿದಾಗ ಒಂದು ಫೋಟೊ, ಬೆಸೆದಾಗ ಒಂದು, ಪುಟ್ಟಿ ಹಚ್ಚುವ ಮೊದಲು ಒಂದು. ಬೋರಿಂಗ್ ಬಿಲ್, ಪಿಸ್ಟನ್ ಬಿಲ್, ಪೆನ್ಸಿಲ್ ಅಚ್ಚು. ಇಷ್ಟನ್ನು ಒಂದು ಫೈಲಿನಲ್ಲಿ ಹಾಕಿ ಕೀಲಿಯ ಜತೆ ಕೊಟ್ಟರೆ ಆ 25,000 ಹೆಚ್ಚು ಏಕೆ ಎಂದು ಗಿರಾಕಿಗೆ ತಾನಾಗಿಯೇ ತಿಳಿಯುತ್ತದೆ. ಫೈಲ್ ಇಲ್ಲದ ಗಾಡಿಗೆ ಬಣ್ಣದ ಬೆಲೆ ಮಾತ್ರ ಕೊಡಿ.

ಪತ್ರಿಕೆಗೂ ಒಂದು ಮನವಿ. ವರ್ಗೀಕೃತ ಜಾಹೀರಾತಿನಲ್ಲಿ ಹಳೇ ಕಾರು ಮಾರುವವರಿಂದ ನಾಲ್ಕು ಸಂಗತಿ ಕೇಳಿ ಪಡೆಯಿರಿ: ಮೊದಲ ನೋಂದಣಿಯ ವರ್ಷ, ಆರ್‌ಸಿ ಮಾರುವವರ ಹೆಸರಿನಲ್ಲೇ ಇದೆಯೇ, ನೋಂದಣಿ ಎಲ್ಲಿಯವರೆಗೆ ಊರ್ಜಿತ, ಎಂಜಿನ್ ಮೂಲದ್ದೋ ಬದಲಾದದ್ದೋ. ಜಾಹೀರಾತು ಒಂದು ಸಾಲು ಉದ್ದವಾದೀತು. ಆ ಸಾಲಿಗೆ ದರ ಹಿಡಿಯದಿದ್ದರೆ ಇನ್ನೂ ಒಳ್ಳೆಯದು.

ಇಂತಿ,
ಹಳೇ ವಾಹನಗಳ ಕೆಲಸ ಮಾಡುವ ಕೆಲವು ಮೆಕ್ಯಾನಿಕರು ಮತ್ತು ಟಿಂಕರರು,
ಬೆಳಗಾವಿ